ಬಣ್ಣದ ಹಗೆ ಎಲ್ಲಿಂದ ಬಂತು?

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಕಾನೂನಿನಿಂದ ಏನೂ ಆಗೋದಿಲ್ಲ, ಮೊದಲು ಜನರ ಮನಸ್ಸು ಬದಲಾಗಬೇಕು" ಅನ್ನುವ ಮಾತನ್ನು ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿದೆ. ಶಾಂತಿ ಸಭೆಗಳಲ್ಲಿ ಇದನ್ನೇ ಹೇಳ್ತಾರೆ. ಪತ್ರಿಕೆಗಳಲ್ಲಿ ಇದನ್ನೇ ಬರೀತಾರೆ. ಹೇಳುವವರೆಲ್ಲ ಕೆಟ್ಟವರಲ್ಲ, ಕೆಲವರು ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಮನಸ್ಸು ಬದಲಾಗಬೇಕು ಅನ್ನುವವರು, ಆ ಮನಸ್ಸು ಹಾಗಾದದ್ದು ಹೇಗೆ ಅಂತ ಮೊದಲು ಹೇಳಬೇಕಲ್ಲ? ಹುಟ್ಟುವಾಗಲೇ ಹಾಗಿತ್ತೆ? ಇಲ್ಲ, ಯಾರಾದರೂ ಹಾಗೆ ಮಾಡಿದರೆ? ಮಾಡಿದ್ದರೆ ಯಾವ ಲಾಭಕ್ಕೆ ಮಾಡಿದರು?

ಈ ಪ್ರಶ್ನೆಯನ್ನು ಇವತ್ತು ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿಟ್ಟು ನೋಡೋಣ. ಅಷ್ಟು ದೂರ ಯಾಕೆ ಅಂತ ನೀವು ಕೇಳಬಹುದು. ನಮ್ಮ ದೇಶದ ಜಾತಿ ಬಹಳ ಹಳೆಯದು. ಅದು ಹುಟ್ಟಿದ ದಿನ ಪುರಾಣದ ಹೊಗೆಯಲ್ಲಿ ಮುಚ್ಚಿಹೋಗಿದೆ. ಅಮೆರಿಕದ ಬಣ್ಣದ ಹಗೆ ಹಾಗಲ್ಲ. ಅದು ಬೆಳೆದದ್ದು ನಾನೂರು ವರ್ಷದಲ್ಲಿ. ಯಾವ ವರ್ಷ ಯಾವ ಕಾನೂನು ಮಾಡಿದರು, ಯಾರಿಂದ ಏನು ಕಿತ್ತುಕೊಂಡು ಯಾರಿಗೆ ಕೊಟ್ಟರು ಅನ್ನೋದಕ್ಕೆಲ್ಲ ಕಾಗದಪತ್ರ ಇದೆ. ಹಗೆಯನ್ನು ಹೇಗೆ ತಯಾರು ಮಾಡ್ತಾರೆ ಅನ್ನೋದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ನಮ್ಮ ಹಿರಿಯರೂ ಅತ್ತ ಕಡೆ ನೋಡಿದವರೇ. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಕರಿಯರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು. 1946ರಲ್ಲಿ ಅವರು ಕರಿಯರ ದೊಡ್ಡ ವಿದ್ವಾಂಸ ಡು ಬಾಯ್ಸ್‌ಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್‌ಗೆ ಹೆಸರು ಬಂದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ.

ಒಂದೇ ಹೊಲದ ಜೀತಗಾರರು

1619ರಲ್ಲಿ ವರ್ಜೀನಿಯಾದ ದಡಕ್ಕೆ ಒಂದು ಹಡಗು ಬಂತು. ಅದರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಹಡಗಿನವರು ತಮಗೆ ಬೇಕಾದ ಊಟದ ಸಾಮಾನು ತಗೊಂಡು ಅವರನ್ನು ಅಲ್ಲಿ ಮಾರಿದರು. ವರ್ಜೀನಿಯಾ ಆಗ ಇಂಗ್ಲಿಷರ ವಸಾಹತು. ಅಲ್ಲಿಯ ಬೇಸಾಯ ಹೊಗೆಸೊಪ್ಪು. ಅದಕ್ಕೆ ಆಳು ಬೇಕು. ಆ ಕಾಲದಲ್ಲಿ ಅಲ್ಲಿ ದುಡೀತಿದ್ದ ಆಳುಗಳಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಬಡವರು. ಹಡಗಿನ ಖರ್ಚಿಗಾಗಿ ಇಷ್ಟು ವರ್ಷ ದುಡೀತೀವಿ ಅಂತ ಕರಾರು ಬರೆದುಕೊಟ್ಟು ಜೀತಕ್ಕೆ ಬಂದವರು. ಅವರಿಗೂ ಏಟು ಬೀಳ್ತಿತ್ತು. ಅವರ ಕರಾರನ್ನೂ ಒಬ್ಬ ಒಡೆಯ ಇನ್ನೊಬ್ಬನಿಗೆ ಮಾರ್ತಿದ್ದ. ಕರಿಯ ಆಳು, ಬಿಳಿಯ ಆಳು ಒಂದೇ ಹೊಲದಲ್ಲಿ ದುಡಿದರು, ಒಟ್ಟಿಗೆ ಉಂಡರು, ತಾಳಲಾರದೆ ಒಟ್ಟಿಗೇ ಓಡಿಹೋದರು.

ಹಾಗೆ ಓಡಿಹೋದ ಮೂವರು 1640ರಲ್ಲಿ ಸಿಕ್ಕಿಬಿದ್ದರು. ಒಬ್ಬ ಡಚ್ಚ, ಒಬ್ಬ ಸ್ಕಾಟ್ಲೆಂಡಿನವ, ಮೂರನೆಯವನು ಜಾನ್ ಪಂಚ್ ಅನ್ನುವ ಕರಿಯ. ಮೂವರಿಗೂ ಮೂವತ್ತು ಮೂವತ್ತು ಛಡಿಯೇಟು. ಅದರ ಮೇಲೆ ಇಬ್ಬರು ಬಿಳಿಯರಿಗೆ ನಾಲ್ಕು ವರ್ಷ ಹೆಚ್ಚುವರಿ ಜೀತ. ಜಾನ್ ಪಂಚನಿಗೆ ಸಾಯೋತನಕ ಜೀತ. ತಪ್ಪು ಒಂದೇ, ಶಿಕ್ಷೆ ಎರಡು. ಮನುಸ್ಮೃತಿಯನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ.

1662ರಲ್ಲಿ ಇನ್ನೊಂದು ಕಾನೂನು ಮಾಡಿದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಇಂಗ್ಲೆಂಡಿನಲ್ಲಿ ಮಗುವಿನ ಅಂತಸ್ತು ತಂದೆಯಿಂದ ಬರ್ತಿತ್ತು. ಇಲ್ಲಿ ಅದನ್ನು ತಿರುಗಿಸಿದರು. ಯಾಕೆ? ಒಡೆಯನೇ ತಂದೆಯಾಗಿದ್ದರೂ ಮಗು ಅವನ ಆಸ್ತಿಯಾಗಬೇಕು, ಆಸ್ತಿಗೆ ವಾರಸುದಾರನಾಗಬಾರದು. 1667ರಲ್ಲಿ ಮತ್ತೊಂದು: ಗುಲಾಮನು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತನಾದರೂ ಅವನಿಗೆ ಬಿಡುಗಡೆ ಇಲ್ಲ. ದೇವರ ಮುಂದೆ ಅಣ್ಣತಮ್ಮ, ಒಡೆಯನ ಹೊಲದಲ್ಲಿ ಗುಲಾಮ.

1676ರಲ್ಲಿ ನಥಾನಿಯಲ್ ಬೇಕನ್ ಅನ್ನುವವನ ಕೈಕೆಳಗೆ ವರ್ಜೀನಿಯಾದಲ್ಲಿ ದಂಗೆ ಎದ್ದಿತು. ಬೇಕನ್ ಏನೂ ಮಹಾತ್ಮನಲ್ಲ. ಮೂಲನಿವಾಸಿ ಇಂಡಿಯನ್ನರನ್ನು ಹೊಡೆದು ಅವರ ಭೂಮಿ ಕಿತ್ತುಕೊಳ್ಳಬೇಕು ಅನ್ನೋದೇ ಅವನ ಜಗಳ. ಆದರೆ ದಂಗೆ ಅವನ ಕೈಮೀರಿ ಬೆಳೀತು. ಬಿಳಿಯ ಜೀತಗಾರರು, ಕರಿಯ ಗುಲಾಮರು ಒಟ್ಟಿಗೆ ಬಂದೂಕು ಹಿಡಿದರು. ರಾಜಧಾನಿ ಜೇಮ್ಸ್‌ಟೌನ್ ಸುಟ್ಟು ಬೂದಿಯಾಯಿತು. ಬೇಕನ್ ರಕ್ತಭೇದಿಯಾಗಿ ಸತ್ತ ಮೇಲೂ ಆಯುಧ ಕೆಳಗಿಡದೆ ಕೊನೆಗೆ ಉಳಿದವರಲ್ಲಿ ಎಂಬತ್ತು ಕರಿಯರು, ಇಪ್ಪತ್ತು ಇಂಗ್ಲಿಷ್ ಆಳುಗಳು ಇದ್ದರು. ಈ ನೂರು ಜನ ಜೊತೆಯಾಗಿ ನಿಂತದ್ದು ದೊಡ್ಡ ಜಮೀನ್ದಾರರ ನಿದ್ದೆ ಕೆಡಿಸಿತು.

ಆಮೇಲೆ ಬಂದ ಕಾನೂನುಗಳನ್ನು ನೋಡಿ. 1691ರಲ್ಲಿ, ಬಿಳಿಯರು ಕರಿಯರನ್ನಾಗಲಿ ಇಂಡಿಯನ್ನರನ್ನಾಗಲಿ ಮದುವೆಯಾದರೆ ಗಡಿಪಾರು. 1705ರಲ್ಲಿ ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಕಟ್ಟಳೆ ಮಾಡಿದರು. ಬಿಳಿಯ ಜೀತಗಾರನ ಬಟ್ಟೆ ಬಿಚ್ಚಿಸಿ ಹೊಡೆಯೋದಕ್ಕೆ ನ್ಯಾಯಾಧಿಕಾರಿಯ ಅಪ್ಪಣೆ ಬೇಕು. ಕರಾರು ಮುಗಿದ ಬಿಳಿಯ ಗಂಡಾಳಿಗೆ ಜೋಳ, ಮೂವತ್ತು ಶಿಲಿಂಗ್ ದುಡ್ಡು, ಒಂದು ಬಂದೂಕು. ಕರಿಯನು ಬಿಳಿಯನ ಮೇಲೆ ಕೈ ಎತ್ತಿದರೆ ಮೂವತ್ತು ಛಡಿಯೇಟು. ಇನ್ನೊಂದಂತೂ ನಾವು ಮರೆಯಬಾರದು. ಗುಲಾಮರು ಸಾಕಿಕೊಂಡ ದನ, ಕುದುರೆ, ಹಂದಿಗಳನ್ನು ಕಿತ್ತು ಮಾರಿ, ಬಂದ ದುಡ್ಡನ್ನು ಚರ್ಚಿನ ಮೂಲಕ ಊರಿನ ಬಡವರಿಗೆ ಹಂಚಬೇಕು. ಒಡೆಯನ ಗಂಟಿನಿಂದ ಒಂದು ಕಾಸೂ ಹೋಗಲಿಲ್ಲ. ಒಬ್ಬ ಬಡವನ ಹಂದಿ ಕಿತ್ತು ಇನ್ನೊಬ್ಬ ಬಡವನಿಗೆ ಕೊಟ್ಟರು. ಇಬ್ಬರ ನಡುವೆ ಹಗೆ ಬೆಳೆಯೋದಕ್ಕೆ ಇನ್ನೇನು ಬೇಕು?

ಇಂಗ್ಲಿಷರಿಗೆ ಕಪ್ಪು ಬಣ್ಣದ ಮೇಲೆ ತಿರಸ್ಕಾರ ಮೊದಲೇ ಇತ್ತು ಅನ್ನುವ ಚರಿತ್ರೆಕಾರರಿದ್ದಾರೆ. ಇತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ತಿರಸ್ಕಾರ ಎಲ್ಲರ ರಕ್ತದಲ್ಲೂ ಇದ್ದಿದ್ದರೆ ಮದುವೆ ತಡೆಯೋದಕ್ಕೆ ಗಡಿಪಾರಿನ ಕಾನೂನು ಯಾಕೆ ಬೇಕಿತ್ತು? ಯಾರೂ ದಾಟದ ಬೇಲಿಗೆ ಯಾರೂ ಕಾವಲು ಹಾಕೋದಿಲ್ಲ.

ಬಡ ಬಿಳಿಯನಿಗೆ ಸಿಕ್ಕ ಕೂಲಿ

ಒಡೆಯರಿಗೆ ಲಾಭ ಇತ್ತು, ಸರಿ. ಏನೂ ಇಲ್ಲದ ಬಡ ಬಿಳಿಯ ಈ ವ್ಯವಸ್ಥೆಗೆ ಯಾಕೆ ಕಾವಲು ನಿಂತ? 1860ರ ಹೊತ್ತಿಗೆ ದಕ್ಷಿಣದ ರಾಜ್ಯಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಬಿಳಿ ಮನೆತನಗಳಿಗೆ ಒಬ್ಬನೇ ಒಬ್ಬ ಗುಲಾಮನೂ ಇರಲಿಲ್ಲ. ಆದರೂ ರಾತ್ರಿ ಗಸ್ತು ತಿರುಗಿ, ಓಡಿಹೋಗುವ ಗುಲಾಮರನ್ನು ಹಿಡಿದು ತಂದವರಲ್ಲಿ ಆ ಬಡವರೂ ಇದ್ದರು. ಒಡೆಯರ ಯುದ್ಧಕ್ಕೆ ಹೋಗಿ ಸತ್ತವರೂ ಅವರೇ.

ಇದಕ್ಕೆ ಉತ್ತರ ಕೊಟ್ಟವರು ಡು ಬಾಯ್ಸ್. 1935ರಲ್ಲಿ ಬಂದ 'ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್' ಅನ್ನುವ ಪುಸ್ತಕದಲ್ಲಿ ಅವರು ಮಾನಸಿಕ ಕೂಲಿ ಅನ್ನುವ ಮಾತನ್ನು ತಂದರು. ಬಡ ಬಿಳಿಯನಿಗೆ ಸಿಗೋ ದುಡ್ಡಿನ ಕೂಲಿ ಕಡಿಮೆ. ಅದರ ಜೊತೆಗೆ ಅವನಿಗೆ ಇನ್ನೊಂದು ಕೂಲಿ ಸಿಗುತ್ತೆ. ಅವನನ್ನು ಜನ ಮರ್ಯಾದೆಯಿಂದ ಮಾತಾಡಿಸ್ತಾರೆ. ಪಾರ್ಕಿನೊಳಕ್ಕೆ ಬಿಡ್ತಾರೆ. ಪೊಲೀಸರು ಅವನ ಕಡೆಯವರು. ಅವನ ವೋಟಿಗೆ ಬೆಲೆ ಇದೆ. ಅವನ ಮಕ್ಕಳ ಶಾಲೆ ಕರಿಯರ ಮಕ್ಕಳ ಶಾಲೆಗಿಂತ ಚೆನ್ನಾಗಿದೆ. ಈ ಕೂಲಿ ಸಿಗುವತನಕ ಅವನು ಕರಿಯ ಕೂಲಿಕಾರನ ಜೊತೆ ಸೇರಿ ಒಡೆಯನನ್ನು ಕೇಳೋದಿಲ್ಲ. ಹೀಗಾಗಿ ಇಬ್ಬರ ದುಡ್ಡಿನ ಕೂಲಿಯೂ ಕೆಳಗೇ ಉಳೀತು.

ಸಂಗಾತಿಗಳೆ, ಇದನ್ನು ಕೇಳಿದಾಗ ನಮ್ಮ ಊರುಗಳು ಕಣ್ಮುಂದೆ ಬರ್ತವೆ. ಒಂದು ಗುಂಟೆ ಜಮೀನಿಲ್ಲದೆ ಅದೇ ಗೌಡನ ಹೊಲದಲ್ಲಿ ಕೂಲಿ ಮಾಡುವ ಬಡ ಮೇಲ್ಜಾತಿಯವನೂ ಸಂಜೆ ಹೋಟೆಲಿನಲ್ಲಿ ಬೆಂಚಿನ ಮೇಲೆ ಕೂತು ಟೀ ಕುಡೀತಾನೆ. ನಮ್ಮವನಿಗೆ ಹೊರಗೆ ಬೇರೆ ಲೋಟ. ಆ ಬೆಂಚೇ ಅವನಿಗೆ ಸಿಗುವ ಎರಡನೇ ಕೂಲಿ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದು ಇದಕ್ಕೇ. ಏಣಿಯ ಪ್ರತಿ ಮೆಟ್ಟಿಲಲ್ಲೂ ನಿಂತವನಿಗೆ ತುಳಿಯೋದಕ್ಕೆ ಕೆಳಗೊಬ್ಬ ಸಿಗ್ತಾನೆ. ಹೊಲಗೇರಿಗೂ ಮಾದಿಗರ ಕೇರಿಗೂ ನಡುವೆ ಇರುವ ಗೆರೆಯನ್ನೂ ಎಳೆದದ್ದು ಇದೇ ಏಣಿ.

ಕರಿಯ ಮೇಲಕ್ಕೆ ಏಳ್ತಾನೆ ಅಂದಾಗ ಈ ಎರಡನೇ ಕೂಲಿಗೆ ಕುತ್ತು ಬರುತ್ತೆ. ಆಗಲೇ ರಕ್ತ ಹರಿಯೋದು. 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೆ, ಗುಂಪು ಸೇರಿ ಕರಿಯರನ್ನು ಹಿಡಿದು ಮರಕ್ಕೆ ನೇತುಹಾಕುವ ಲಿಂಚಿಂಗ್ ಶುರುವಾಯಿತು. ಟಸ್ಕೆಗೀ ಸಂಸ್ಥೆಯ ದಾಖಲೆಯ ಪ್ರಕಾರ 1882ರಿಂದ 1968ರವರೆಗೆ ಹೀಗೆ ಸತ್ತ ಕರಿಯರು 3,446 ಜನ. ಹೆಂಗಸರ ಮಾನ ಕಾಯೋದಕ್ಕೆ ಹೀಗೆ ಮಾಡ್ತೀವಿ ಅಂತ ಬಿಳಿಯರು ಹೇಳ್ತಿದ್ದರು. 1892ರಲ್ಲಿ ಮೆಂಫಿಸ್ ಊರಿನಲ್ಲಿ ಮೂವರು ಕರಿಯರನ್ನು ಕೊಂದರು. ಅವರು ಮಾಡಿದ ತಪ್ಪೇನು? ಒಂದು ದಿನಸಿ ಅಂಗಡಿ ಇಟ್ಟು ಚೆನ್ನಾಗಿ ವ್ಯಾಪಾರ ಮಾಡಿದ್ದು, ಎದುರಿಗಿದ್ದ ಬಿಳಿಯನ ಅಂಗಡಿಯ ಗಿರಾಕಿ ಇತ್ತ ಬಂದದ್ದು. ಐಡಾ ಬಿ. ವೆಲ್ಸ್ ಅನ್ನುವ ಕರಿಯ ಪತ್ರಕರ್ತೆ ಇಂಥ ಕೊಲೆಗಳನ್ನು ಒಂದೊಂದಾಗಿ ಹುಡುಕಿ ಬರೆದು, ಮಾನದ ಮಾತು ಬರೀ ನೆಪ ಅಂತ ತೋರಿಸಿಕೊಟ್ಟರು. ಗುಂಪು ಬಂದು ಅವರ ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಿತು. ನಮ್ಮಲ್ಲಿ 1968ರಲ್ಲಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 44 ಜನರನ್ನು ಸುಟ್ಟದ್ದು ಕೂಲಿ ಹೆಚ್ಚಿಗೆ ಕೇಳಿದ್ದಕ್ಕೆ. ತಲೆ ಬಗ್ಗಿಸಿದಾಗ ಕನಿಕರ, ತಲೆ ಎತ್ತಿದಾಗ ಬೆಂಕಿ. ಅಲ್ಲೂ ಹಾಗೆ, ಇಲ್ಲೂ ಹಾಗೆ.

ಅನ್ಯಾಯಕ್ಕೆ ಶಾಸ್ತ್ರದ ಹೊದಿಕೆ

ಇನ್ನು ಒಡೆಯನ ಮನಸ್ಸಿನೊಳಕ್ಕೆ ಹೋಗೋಣ. ದಿನಾ ಅನ್ಯಾಯ ಮಾಡ್ತಾ, ನಾನು ಕೆಟ್ಟವನು ಅಂತ ಒಪ್ಪಿಕೊಂಡು ಬದುಕೋದು ಮನುಷ್ಯನಿಗೆ ಕಷ್ಟ. ಅನ್ಯಾಯ ಬಿಡಬೇಕು, ಇಲ್ಲವೇ ಅನ್ಯಾಯಕ್ಕೆ ಒಳಗಾದವನು ಅದಕ್ಕೇ ಲಾಯಕ್ಕು ಅಂತ ನಂಬಬೇಕು. ಬಿಟ್ಟರೆ ನಷ್ಟ. ಅದಕ್ಕೇ ನಂಬೋದನ್ನು ಆರಿಸಿಕೊಳ್ತಾರೆ.

1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದು ಮನುಷ್ಯರೆಲ್ಲ ಸಮಾನರು ಅಂತ ಸಾರಿದ ಥಾಮಸ್ ಜೆಫರ್ಸನ್, ತನ್ನ ಜೀವಮಾನದಲ್ಲಿ ಆರು ನೂರಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಈ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳೋದು ಹೇಗೆ? ಮನುಷ್ಯರೆಲ್ಲ ಸಮಾನರು ಅಂತ ಒಪ್ಪಿದ ಮೇಲೆ ಉಳಿದ ದಾರಿ ಒಂದೇ. ಕರಿಯನು ಪೂರ್ತಿ ಮನುಷ್ಯನಲ್ಲ ಅಂತ ಹೇಳಬೇಕು. ಹಾಗೇ ಹೇಳಿದರು. ಪಾದ್ರಿಗಳು ಬೈಬಲ್ಲಿನ ನೋವನ ಶಾಪದ ಕಥೆ ತಂದರು. ಪಂಡಿತರು ತಲೆಬುರುಡೆ ಅಳೆದರು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ಡಾಕ್ಟರು ಒಂದು ಹೊಸ ರೋಗವನ್ನೇ ಕಂಡುಹಿಡಿದರು! ಅದರ ಹೆಸರು ಡ್ರೇಪ್ಟೊಮೇನಿಯಾ. ಗುಲಾಮರು ಒಡೆಯನನ್ನು ಬಿಟ್ಟು ಓಡಿಹೋಗೋದೇ ಆ ರೋಗ. ಬಿಡುಗಡೆ ಬಯಸೋದು ಹುಚ್ಚು, ಛಡಿಯೇಟೇ ಮದ್ದು.

ಅಕ್ಷರ ಕಲಿಸೋದನ್ನೂ ತಡೆದರು. ದಕ್ಷಿಣ ಕೆರೊಲಿನಾದಲ್ಲಿ 1740ರಲ್ಲೇ, ಗುಲಾಮರಿಗೆ ಬರೆಯೋದು ಕಲಿಸಿದವರಿಗೆ ದಂಡ ಅಂತ ಕಾನೂನಾಯಿತು. ಓದೋಕೆ ಬಿಡಲಿಲ್ಲ, ಆಮೇಲೆ ನೋಡಿ ಇವರಿಗೆ ಬುದ್ಧಿಯಿಲ್ಲ ಅಂದರು. ಪೂರ್ವಗ್ರಹ ನಡೆಯೋದೇ ಹೀಗೆ. ಮೊದಲು ಕೆಸರಿಗೆ ತಳ್ಳೋದು, ಆಮೇಲೆ ಇವರಿಗೆ ಮೈ ತೊಳೆಯೋ ಅಭ್ಯಾಸ ಇಲ್ಲ ಅನ್ನೋದು.

ಇವತ್ತಿನ ವಿಜ್ಞಾನ ಈ ಶಾಸ್ತ್ರವನ್ನೆಲ್ಲ ಕಸದ ಬುಟ್ಟಿಗೆ ಹಾಕಿದೆ. ಯಾವ ಇಬ್ಬರು ಮನುಷ್ಯರನ್ನು ತಗೊಂಡರೂ ಅವರ ವಂಶವಾಹಿಗಳು ಸುಮಾರು ನೂರಕ್ಕೆ 99.9ರಷ್ಟು ಒಂದೇ. 1972ರಲ್ಲಿ ರಿಚರ್ಡ್ ಲೆವಾಂಟಿನ್ ಅನ್ನುವ ವಿಜ್ಞಾನಿ ಲೆಕ್ಕ ಹಾಕಿ ಹೇಳಿದರು: ಮನುಷ್ಯರ ನಡುವೆ ಇರುವ ಆ ಚೂರು ವ್ಯತ್ಯಾಸದಲ್ಲೂ ನೂರಕ್ಕೆ ಸುಮಾರು 85ರಷ್ಟು ಒಂದೇ ಜನಸಮುದಾಯದ ಒಳಗೇ ಸಿಗುತ್ತೆ. ಬಣ್ಣ ಬರೀ ತೊಗಲಿನ ಮಾತು.

ಹಗೆ ಒಳಕ್ಕೂ ಇಳಿಯುತ್ತೆ

ಹಗೆ ತುಳಿಯುವವನ ಮನಸ್ಸಿನಲ್ಲಿ ಮಾತ್ರ ಇರುತ್ತೆ ಅಂದುಕೊಂಡರೆ ಅರ್ಧ ಮಾತ್ರ ತಿಳಿದ ಹಾಗೆ. ಕೆನೆತ್ ಕ್ಲಾರ್ಕ್, ಮ್ಯಾಮಿ ಕ್ಲಾರ್ಕ್ ಅನ್ನುವ ಕರಿಯ ದಂಪತಿಗಳು ಮನಶ್ಶಾಸ್ತ್ರ ಓದಿದವರು. ಅವರು ಮೂರರಿಂದ ಏಳು ವರ್ಷದ 253 ಕರಿಯ ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಎಲ್ಲ ಒಂದೇ ಅಚ್ಚಿನವು, ಬಣ್ಣ ಮತ್ತು ಕೂದಲು ಮಾತ್ರ ಬೇರೆ. ಯಾವುದರ ಜೊತೆ ಆಡ್ತೀಯಾ? ಒಳ್ಳೆ ಗೊಂಬೆ ಯಾವುದು? ಕೆಟ್ಟದಾಗಿ ಕಾಣೋದು ಯಾವುದು? ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳು ಆಟಕ್ಕೆ ಬಿಳಿ ಗೊಂಬೆ ಬೇಕು ಅಂದರು. ಕೆಟ್ಟದಾಗಿ ಕಾಣೋದು ಕಂದು ಗೊಂಬೆ ಅಂತ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೇಳಿದರು. ಕೊನೆಗೆ ಕೇಳಿದರು: ನಿನ್ನ ಹಾಗೆ ಇರೋದು ಯಾವುದು? ಕೆಲವು ಮಕ್ಕಳು ಉತ್ತರ ಹೇಳಲಾರದೆ ಅಳ್ತಾ ಎದ್ದು ಹೋದವು.

ಇದರಲ್ಲಿ ಇನ್ನೊಂದು ಗಮನಿಸಬೇಕು. ಕರಿಯರಿಗೆ ಬೇರೆ ಶಾಲೆ ಇದ್ದ ದಕ್ಷಿಣದ ಮಕ್ಕಳಷ್ಟೇ ಅಲ್ಲ, ಬಿಳಿಯರ ಜೊತೆ ಒಂದೇ ಶಾಲೆಯಲ್ಲಿ ಕೂರ್ತಿದ್ದ ಉತ್ತರದ ಮಕ್ಕಳೂ ಹೀಗೇ ಹೇಳಿದರು. ಯಾಕಂದರೆ ಮಗು ಕಲಿಯೋದು ಶಾಲೆಯಿಂದ ಮಾತ್ರ ಅಲ್ಲ. ಬೀದಿಯಲ್ಲಿ ಯಾರಿಗೆ ಯಾರು ದಾರಿ ಬಿಡ್ತಾರೆ, ಅಪ್ಪನನ್ನು ಯಾರು ಏಕವಚನದಲ್ಲಿ ಕರೀತಾರೆ, ಚಿತ್ರದ ಪುಸ್ತಕದಲ್ಲಿ ರಾಜಕುಮಾರಿ ಯಾವ ಬಣ್ಣ, ಇದನ್ನೆಲ್ಲ ನೋಡ್ತಾ ನೋಡ್ತಾ ಕಲಿಯುತ್ತೆ. ಮೂರು ವರ್ಷಕ್ಕೇ ಪಾಠ ಮುಗಿದಿರುತ್ತೆ. ನಮ್ಮ ಕೇರಿಯ ಹುಡುಗ ಪೇಟೆಗೆ ಹೋಗಿ ಹೆಸರಿನ ಮುಂದೆ ಊರಿನ ಹೆಸರು ಅಂಟಿಸಿಕೊಂಡು ಜಾತಿ ಮುಚ್ಚಿಡೋದು, ನಮ್ಮ ಹುಡುಗಿ ಬಿಳುಪಿನ ಕ್ರೀಮು ಮೆತ್ತಿಕೊಳ್ಳೋದು, ಇವಕ್ಕೆ ಆ ಮಕ್ಕಳನ್ನು ಬಯ್ದು ಫಲವಿಲ್ಲ. ಗೊಂಬೆ ಆರಿಸಿದ ಮಗು ಅಪರಾಧಿಯಲ್ಲ.

ಕೂಡಿ ಉಂಡರೆ ಸಾಕೆ?

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಕರಿಯ ಮಕ್ಕಳನ್ನು ಬೇರೆ ಶಾಲೆಗೆ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಕ್ಲಾರ್ಕ್ ಅವರ ಅಧ್ಯಯನವನ್ನೂ ಅದರಲ್ಲಿ ಹೆಸರಿಸಿತು. ಅದೇ 1954ರ ಬೇಸಿಗೆಯಲ್ಲಿ ಮುಜಫರ್ ಷೆರೀಫ್ ಅನ್ನುವ ಮನಶ್ಶಾಸ್ತ್ರಜ್ಞರು ಓಕ್ಲಹೋಮಾದ ಕಾಡಿನ ಶಿಬಿರವೊಂದಕ್ಕೆ ಸುಮಾರು ಹನ್ನೊಂದು ವರ್ಷದ 22 ಹುಡುಗರನ್ನು ಕರೆದುಕೊಂಡು ಹೋದರು. ಎಲ್ಲರೂ ಬಿಳಿಯರು, ಒಂದೇ ಥರದ ಮನೆಯವರು. ಎರಡು ಗುಂಪು ಮಾಡಿ ಪಂದ್ಯ ಕಟ್ಟಿದರು. ಗೆದ್ದವರಿಗೆ ಬಹುಮಾನ, ಸೋತವರಿಗೆ ಏನೂ ಇಲ್ಲ. ಕೆಲವೇ ದಿನಕ್ಕೆ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಕೈ ಕೈ ಮಿಲಾಯಿಸಿದರು. ಶಿಬಿರ ನಡೆಸಿದವರೇ ಜಗಳಕ್ಕೆ ಗಾಳಿ ಹಾಕಿದರು ಅಂತ ಆಮೇಲೆ ಟೀಕೆ ಬಂತು. ನಾವೂ ಅದನ್ನೇ ಹೇಳೋದು. ಗಾಳಿ ಹಾಕುವವರು ಇದ್ದರೆ ಬಣ್ಣದ ಭೇದವೇ ಇಲ್ಲದ ಮಕ್ಕಳಲ್ಲೂ ಹಗೆ ಹುಟ್ಟುತ್ತೆ.

ಮುಂದಿನದು ನಮಗೆ ಇನ್ನೂ ಮುಖ್ಯ. ಹುಡುಗರನ್ನು ಒಂದುಮಾಡೋಣ ಅಂತ ಮೊದಲು ಒಟ್ಟಿಗೆ ಊಟಕ್ಕೆ ಕೂರಿಸಿದರು. ಅನ್ನದ ತಟ್ಟೆಯೇ ಆಯುಧವಾಯಿತು, ಒಬ್ಬರ ಮೇಲೊಬ್ಬರು ತಿಂಡಿ ಎಸೆದಾಡಿದರು. ಆಮೇಲೆ ಶಿಬಿರದ ನೀರು ನಿಂತುಹೋಯಿತು. ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು. ಎರಡು ಗುಂಪೂ ಸೇರಿ ದುಡಿಯದಿದ್ದರೆ ನೀರೂ ಇಲ್ಲ, ಊಟವೂ ಇಲ್ಲ. ಒಟ್ಟಿಗೆ ಹಗ್ಗ ಹಿಡಿದು ಎಳೆದರು. ಆ ಕೆಲಸಗಳ ನಡುವೆ ಹಗೆ ಕರಗಿತು. ಅದೇ ವರ್ಷ ಗಾರ್ಡನ್ ಆಲ್‌ಪೋರ್ಟ್ ಪೂರ್ವಗ್ರಹದ ಬಗ್ಗೆ ಬರೆದ ದೊಡ್ಡ ಗ್ರಂಥವೂ ಇದನ್ನೇ ಹೇಳಿತು. ಬರೀ ಪರಸ್ಪರ ಭೇಟಿಯಿಂದ ಹಗೆ ಹೋಗೋದಿಲ್ಲ. ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಬೇಕು, ಜೊತೆಯಾಗಿ ದುಡಿಯಬೇಕು, ಕಾನೂನಿನ ಬೆಂಬಲ ಬೇಕು.

ಹಾಗಾದರೆ ಸಹಪಂಕ್ತಿ ಭೋಜನ ಬೇಡವೆ? ಬೇಡ ಅನ್ನೋದಿಲ್ಲ. ಅಷ್ಟರಿಂದಲೇ ಜಾತಿ ಹೋಗೋದಿಲ್ಲ ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಬರೆದಿದ್ದಾರೆ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಪಾಯಸ ಉಂಡು, ಮಾರನೆ ದಿನ ಒಬ್ಬ ಧಣಿ, ಇನ್ನೊಬ್ಬ ಆಳು ಅಂತಾದರೆ ಆ ಪಂಕ್ತಿಗೆ ಅರ್ಥ ಏನು?

ಕಾನೂನು ಮುಂದೆ, ಮನಸ್ಸು ಹಿಂದೆ

1958ರಲ್ಲಿ ಅಮೆರಿಕದ ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿತು: ಕರಿಯರು ಬಿಳಿಯರು ಮದುವೆಯಾಗೋದನ್ನು ಒಪ್ಪುತ್ತೀರಾ? ಒಪ್ಪಿದವರು ನೂರಕ್ಕೆ 4 ಜನ. 1967ರಲ್ಲಿ ಸುಪ್ರೀಂ ಕೋರ್ಟು ಇಂಥ ಮದುವೆ ತಡೆಯುವ ಕಾನೂನುಗಳನ್ನೆಲ್ಲ ಹೊಡೆದುಹಾಕಿತು. ಆ ಮೊಕದ್ದಮೆ ಬಂದದ್ದು 1691ರ ಅದೇ ವರ್ಜೀನಿಯಾದಿಂದ. ಮಾರನೆ ವರ್ಷ ಕೇಳಿದಾಗಲೂ ಒಪ್ಪಿದವರು ನೂರಕ್ಕೆ 20 ಮಾತ್ರ. 2021ರಲ್ಲಿ ನೂರಕ್ಕೆ 94. ಮೊದಲು ಜನರ ಮನಸ್ಸು ಬದಲಾಗಲಿ ಅಂತ ಕೋರ್ಟು ಕಾದು ಕೂತಿದ್ದರೆ ಏನಾಗ್ತಿತ್ತು? ಕಾನೂನು ಮುಂದೆ ನಡೀತು, ಮನಸ್ಸು ಕುಂಟುತ್ತಾ ಹಿಂದೆ ಬಂತು.

ಹಗೆಯೇನೂ ಸುಮ್ಮನೆ ಸೋಲಲಿಲ್ಲ. ಶಾಲೆಯ ತೀರ್ಪು ಬಂದ ಮೇಲೆ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು, ಕರಿಯ ಮಕ್ಕಳನ್ನು ಸೇರಿಸಿಕೊಳ್ಳೋ ಬದಲು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಅಲಬಾಮಾದ ಮಾಂಟ್‌ಗೊಮರಿ ಊರಿನಲ್ಲಿ ಕರಿಯರಿಗೂ ಪಾರ್ಕು ತೆರೆಯಬೇಕಾಗಿ ಬಂದಾಗ 1959ರಲ್ಲಿ ಊರಿನ ಎಲ್ಲ ಪಾರ್ಕುಗಳನ್ನೂ ಮುಚ್ಚಿದರು. ಕರಿಯ ಇಳಿದರೆ ನೀರು ಕೆಡುತ್ತೆ ಅಂತ ತಮ್ಮ ಮಕ್ಕಳ ಈಜುಕೊಳಕ್ಕೂ ಮಣ್ಣು ತುಂಬಿದರು. 1964ರಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರಿನ ಒಂದು ಹೋಟೆಲಿನಲ್ಲಿ ಚಳವಳಿಯವರು ಕೊಳಕ್ಕೆ ಇಳಿದಾಗ ಮಾಲೀಕ ನೀರಿಗೆ ಆಸಿಡ್ ಸುರಿದ. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ನಮ್ಮವರು ಮುಟ್ಟಿದ ಮೇಲೆ ಸಗಣಿ ಗಂಜಲ ಹಾಕಿ ಶುದ್ಧಿ ಮಾಡಿದರಲ್ಲ, ಅವರಿಗೂ ಇವರಿಗೂ ಪರಿಚಯ ಇರಲಿಲ್ಲ. ಆದರೂ ಕೆಲಸ ಒಂದೇ.

ಕಾನೂನೊಂದೇ ಸಾಕು ಅಂತಲೂ ನಾವು ಹೇಳೋದಿಲ್ಲ. ನೂರಕ್ಕೆ 94 ಜನ ಮದುವೆ ಒಪ್ಪುವ ಅದೇ ದೇಶದಲ್ಲಿ 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ ನಡುಮಟ್ಟದ ಕರಿಯ ಕುಟುಂಬದ ಆಸ್ತಿಗಿಂತ ಆರು ಪಟ್ಟು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಒಬ್ಬ ಪೊಲೀಸು ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷ ಮಂಡಿಯೂರಿ ಕೊಂದ. ನಾಲಿಗೆ ಬದಲಾಗಿದೆ, ಗಂಟು ಬದಲಾಗಿಲ್ಲ. ಆಸ್ತಿ, ಅಧಿಕಾರ, ಪೊಲೀಸು ಎಲ್ಲಿದ್ದವೋ ಅಲ್ಲೇ ಇದ್ದರೆ ಹಗೆಯ ಬೇರಿಗೆ ನೀರು ಹೋಗ್ತಾನೇ ಇರುತ್ತೆ.

ನಾವು ಯಾರ ಜೊತೆ ನಿಲ್ಲಬೇಕು

ಜಾತಿ, ಜನಾಂಗ ಎರಡೂ ಒಂದೇ ಅಲ್ಲ. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗದವರು ಅಂತ ಬಾಬಾಸಾಹೇಬರೇ ತೋರಿಸಿದ್ದಾರೆ. ಆದರೆ ಎರಡರ ಯಂತ್ರ ನಡೆಯುವ ರೀತಿ ಒಂದೇ. ಆದ್ದರಿಂದ ಕರಿಯರ ಪ್ರಶ್ನೆ ನಮಗೆ ಪರದೇಶದ ಸುದ್ದಿಯಲ್ಲ.

1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿಯೊಬ್ಬರು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಪೌರತ್ವಕ್ಕೆ ವಾದಿಸಿದರು. ನಾವು ಉತ್ತಮ ಜಾತಿಯ ಆರ್ಯರು, ಆದ್ದರಿಂದ ಬಿಳಿಯರು ಅನ್ನೋದು ಅವರ ವಾದ. ಕೋರ್ಟು ಒಪ್ಪಲಿಲ್ಲ. ಕರಿಯರ ಪಕ್ಕ ನಿಂತು ಹಕ್ಕು ಕೇಳೋ ಬದಲು ಬಿಳಿಯರ ಪಂಕ್ತಿಯಲ್ಲಿ ಎಲೆ ಕೇಳಿದರು, ಎಲೆ ಸಿಗಲಿಲ್ಲ. ನೂರು ವರ್ಷದ ಮೇಲೆ, 2023ರಲ್ಲಿ, ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಲ್ಲಿ ನಿಷೇಧಿಸಬೇಕಾಯಿತು. ನಮ್ಮ ದೇಶದವರು ಹೋದಲ್ಲಿಗೆ ಆ ಏಣಿಯನ್ನೂ ಹೊತ್ತುಕೊಂಡು ಹೋಗಿದ್ದಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಕರ್ನಾಟಕವನ್ನೇ ನೋಡಿ. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ತಲೆತಲಾಂತರದಿಂದ ಇದ್ದಾರೆ. ಕನ್ನಡ, ಕೊಂಕಣಿ ಆಡ್ತಾರೆ. ಆದರೂ ಪೇಟೆಗೆ ಬಂದರೆ ಯಾವ ದೇಶದವರು ಅಂತ ಕೇಳ್ತಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2016ರಲ್ಲಿ ಬೆಂಗಳೂರಿನಲ್ಲಿ ಯಾರೋ ಸೂಡಾನಿನವನ ಕಾರು ಒಬ್ಬ ಹೆಂಗಸನ್ನು ಹಾಯ್ದು ಕೊಂದದ್ದಕ್ಕೆ, ಗುಂಪು ಸೇರಿ ಆ ಘಟನೆಗೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಹಿಡಿದು ಹೊಡೆದರು. ಒಬ್ಬ ಮಾಡಿದ್ದಕ್ಕೆ ಆ ಬಣ್ಣದವರೆಲ್ಲ ಹೊಣೆ. ನಮ್ಮವನೊಬ್ಬ ಪ್ರೀತಿಸಿ ಮದುವೆಯಾದರೆ ಇಡೀ ಕೇರಿಗೆ ಬಹಿಷ್ಕಾರ ಹಾಕುವ ನ್ಯಾಯವೇ ಇದೂ. ಇಂಥ ಗುಂಪಿನಲ್ಲಿ ನಮ್ಮ ಕೇರಿಯ ಒಬ್ಬ ಹುಡುಗನೂ ಇರಬಾರದು. ಬಿಟ್ಟಿಯಾಗಿ ಸಿಗೋ ಆ ಎರಡನೇ ಕೂಲಿಯನ್ನು ನಾವು ಮುಟ್ಟಬಾರದು.

ಮುಗಿಸೋ ಮೊದಲು ಕೆಲಸದ ಮಾತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನು ಪುಸ್ತಕದಲ್ಲಿತ್ತು, ಸಾಕ್ಷಿಗಳ ಬೆನ್ನಿಗೆ ಯಾರೂ ಇರಲಿಲ್ಲ. ಆ ಕಾನೂನಿಗೆ ಜೀವ ತುಂಬೋದು ನಮ್ಮ ಕೆಲಸ. 1989ರ ದೌರ್ಜನ್ಯ ತಡೆ ಕಾಯ್ದೆಯ ನಿಯಮದ ಪ್ರಕಾರ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ನಿಮ್ಮ ಜಿಲ್ಲೆಯಲ್ಲಿ ಕಳೆದ ಸಲ ಯಾವಾಗ ಸೇರಿತ್ತು ಅಂತ ಕೇಳಿ, ಬರಹದಲ್ಲಿ ಕೇಳಿ. ಸರ್ಕಾರ ಕೊಟ್ಟ ಜಮೀನು ಕೈತಪ್ಪಿದ ಮನೆಗಳ ಪಟ್ಟಿ ಮಾಡಿ. ಅದನ್ನು ವಾಪಸು ಕೊಡಿಸೋದಕ್ಕೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಸಾಕ್ಷಿ ಹೇಳುವವರನ್ನು ಕೋರ್ಟಿಗೆ ಒಬ್ಬರನ್ನೇ ಕಳಿಸಬೇಡಿ, ಹತ್ತು ಜನ ಜೊತೆಗೆ ಹೋಗಿ. ಕೂಲಿಯ ಹೋರಾಟಕ್ಕೆ ಮೇಲ್ಜಾತಿಯ ಬಡ ಕೂಲಿಕಾರರನ್ನೂ ಕರೀರಿ. ಬರೋದಿಲ್ಲ ಅಂದರೂ ಇನ್ನೊಮ್ಮೆ ಕರೀರಿ. 1676ರಲ್ಲಿ ಒಡೆಯರು ಹೆದರಿದ್ದು ಆ ಕೂಟಕ್ಕೇ.

ಹಗೆ ಮನುಷ್ಯರು ಮಾಡಿದ ವಸ್ತು, ಲೆಕ್ಕ ಹಾಕಿ ಮಾಡಿದ ವಸ್ತು. ಮಾಡಿದ್ದನ್ನು ಮುರಿಯಬಹುದು. ಮನಸ್ಸುಗಳು ಬದಲಾಗಲಿ, ನಮ್ಮ ಅಡ್ಡಿಯಿಲ್ಲ. ಅಲ್ಲಿಯತನಕ ನಮ್ಮ ಭೂಮಿ, ನಮ್ಮ ಕೂಲಿ, ನಮ್ಮ ಮಕ್ಕಳ ಶಾಲೆ ಕಾಯೋದಿಲ್ಲ.

ಜೈ ಭೀಮ್.